ಮಾಸು ಬಿದ್ದ ಮೇಲೆ

ಮಗುವಿನ ಅಳು ಕೇಳಿದ ಕೂಡಲೇ ಬಾಗಿಲಾಚೆ ಕೂತವರ ಮುಖ ಅರಳುತ್ತದೆ. ಗಂಡೋ ಹೆಣ್ಣೋ, ತೂಕ ಎಷ್ಟು, ಯಾರ ಹೋಲಿಕೆ ಎಂಬ ಮಾತು ಶುರುವಾಗುತ್ತದೆ, ಫೋನುಗಳು ಹೊರಡುತ್ತವೆ. ಅದೇ ಹೊತ್ತಿಗೆ ಒಳಗೆ ಹೆರಿಗೆ ಮೇಜಿನ ಮೇಲೆ ಮಲಗಿದವಳ ಪಾಲಿಗೆ ಇಡೀ ಹೆರಿಗೆಯ ಅತ್ಯಂತ ಅಪಾಯದ ಅರ್ಧ ಗಂಟೆ ಈಗಷ್ಟೇ ಆರಂಭವಾಗಿರುತ್ತದೆ. ಹಳ್ಳಿಯ ಹಿರಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಕೂಸು ಹುಟ್ತಾ?’ ಎಂದು ಕೇಳಿ ಅವರು ಸುಮ್ಮನಾಗುತ್ತಿರಲಿಲ್ಲ. ‘ಮಾಸು ಬಿತ್ತಾ?’ ಎಂದು ಕೇಳಿ, ಒಳಗಿನಿಂದ ಹೂಂ ಎಂದು ಉತ್ತರ ಬಂದ ಮೇಲೆಯೇ ದೇವರಿಗೆ ಕೈ ಮುಗಿಯುತ್ತಿದ್ದರು.

ಮಾಸು, ಕಸ ಎಂದು ಊರೂರಿಗೆ ಒಂದೊಂದು ಹೆಸರಿನ, ಪಠ್ಯಪುಸ್ತಕಗಳು ಜರಾಯು ಎಂದು ಕರೆಯುವ ಈ ಅಂಗ ಹೊರಬೀಳುವುದು ಹೆರಿಗೆಯ ಮೂರನೆಯ ಹಂತ. ಸಾಮಾನ್ಯವಾಗಿ 5ರಿಂದ 15 ನಿಮಿಷದೊಳಗೆ ಅದು ತಾನಾಗಿ ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳುತ್ತದೆ. ಕಳಚಿಕೊಂಡಿತು ಎಂಬುದಕ್ಕೆ ಗುರುತುಗಳಿವೆ. ಹೊರಗೆ ಇಳಿಬಿದ್ದ ಹೊಕ್ಕುಳಬಳ್ಳಿ ಇನ್ನಷ್ಟು ಉದ್ದವಾಗುತ್ತದೆ, ಒಮ್ಮೆಲೇ ಒಂದಿಷ್ಟು ರಕ್ತ ಬರುತ್ತದೆ, ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಗುಂಡಗೆ ಗಟ್ಟಿಯಾಗಿ ಸಿಗುತ್ತದೆ. 30 ನಿಮಿಷ ಕಳೆದರೂ ಬೀಳದಿದ್ದರೆ ಒಳಗೇ ಸಿಕ್ಕಿಕೊಂಡಿದೆ ಎಂದು ವೈದ್ಯರು ನಿರ್ಧರಿಸುತ್ತಾರೆ. ಅರಿವಳಿಕೆ ಕೊಟ್ಟು ಕೈ ಹಾಕಿ ಬಿಡಿಸಬೇಕಾಗುತ್ತದೆ.

ಇಷ್ಟು ಎಚ್ಚರ ಯಾಕೆಂದರೆ, ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ 600ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದಲ್ಲಿ ಆ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಂಡು ನಿಲ್ಲುತ್ತವೆ. ಅವುಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಅಡ್ಡಡ್ಡ ಹೆಣೆದುಕೊಂಡ ಅದರ ಎಳೆಗಳು ಬಿಗಿಯುತ್ತಿದ್ದಂತೆ ನಡುವಿನ ನಾಳಗಳು ಹಿಸುಕಿಕೊಂಡು ಮುಚ್ಚುತ್ತವೆ. ಸ್ನಾಯು ಸೋತು ಸಡಿಲವಾದರೆ, ಇಲ್ಲವೇ ಮಾಸಿನ ಚೂರೊಂದು ಒಳಗುಳಿದು ಬಿಗಿಯಲು ಅಡ್ಡಿ ಮಾಡಿದರೆ, ಸ್ವಲ್ಪ ಹೊತ್ತಿನಲ್ಲೇ ಬಾಣಂತಿಯ ಜೀವ ಹೋಗಬಹುದು. ಹೆರಿಗೆಯಲ್ಲಿ ಸಾಯುವ ತಾಯಂದಿರ ಸಾವಿಗೆ ದೊಡ್ಡ ಕಾರಣ ಇಂದಿಗೂ ಈ ರಕ್ತಸ್ರಾವವೇ.

ಇಷ್ಟೆಲ್ಲ ನಿರ್ಧರಿಸುವ ಮಾಸನ್ನು ನಾವು ನೋಡುವುದೇ ಇಲ್ಲ. ಒಂಬತ್ತು ತಿಂಗಳು ಹೊತ್ತ ತಾಯಿ ನೋಡಿರುವುದಿಲ್ಲ, ಅಪ್ಪ ನೋಡಿರುವುದಿಲ್ಲ. ಅದು ಟ್ರೇಯಿಂದ ಹಳದಿ ಚೀಲಕ್ಕೆ, ಚೀಲದಿಂದ ಗಾಡಿಗೆ ಹೋಗಿಬಿಡುತ್ತದೆ. ಮನುಷ್ಯನ ದೇಹದಲ್ಲಿ ಇಷ್ಟು ದುಡಿದು ಇಷ್ಟು ಬೇಗ ಮರೆವಿಗೆ ಸಲ್ಲುವ ಇನ್ನೊಂದು ಅಂಗ ನನಗೆ ಗೊತ್ತಿಲ್ಲ. ಅದನ್ನೊಮ್ಮೆ ನಿಂತು ನೋಡಬೇಕು, ಅದರ ಬಗ್ಗೆ ಕೇಳಬೇಕು, ಅದರೊಡನೆ ಬರುವ ಕೆಲವು ನಿಮಿಷಗಳನ್ನು ಅವಸರಪಡಿಸಬಾರದು ಎಂಬುದು ಈ ಲೇಖನದ ಆಸೆ.

ಮಗುವಿನದೇ ಅಂಗ

ದಿನ ತುಂಬಿದ ಮಾಸು ಸುಮಾರು ಅರ್ಧ ಕಿಲೋ ತೂಗುತ್ತದೆ, ಅಂದರೆ ಮಗುವಿನ ತೂಕದ ಆರನೇ ಒಂದು ಪಾಲು. 20ರಿಂದ 22 ಸೆಂಟಿಮೀಟರ್ ಅಗಲ, ಎರಡು ಎರಡೂವರೆ ಸೆಂಟಿಮೀಟರ್ ದಪ್ಪ. ಎರಡು ಮುಖ. ತಾಯಿಯ ಕಡೆಯ ಮುಖ ಕಡುಗೆಂಪು, 15ರಿಂದ 20 ದಿಣ್ಣೆಗಳಾಗಿ ಹಂಚಿಕೊಂಡಿರುತ್ತದೆ. ಮಗುವಿನ ಕಡೆಯ ಮುಖ ನುಣುಪು, ಬೂದು ನೀಲಿ. ಹೊಕ್ಕುಳಬಳ್ಳಿ ಬಂದು ಸೇರುವ ಜಾಗದಿಂದ ರಕ್ತನಾಳಗಳು ಕವಲೊಡೆಯುತ್ತ ಅಂಚಿನವರೆಗೂ ಹೋಗಿ, ಎಲೆ ಉದುರಿದ ಮರವೊಂದನ್ನು ಮೇಲಿನಿಂದ ನೋಡಿದಂತೆ ಕಾಣುತ್ತದೆ. ಬಳ್ಳಿಯ ಉದ್ದ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್. ಅದರೊಳಗೆ ಮೂರು ನಾಳಗಳು: ಆಮ್ಲಜನಕ ತುಂಬಿದ ರಕ್ತವನ್ನು ಮಗುವಿಗೆ ತರುವ ಒಂದು ಅಭಿಧಮನಿ, ಮಗುವಿನ ರಕ್ತವನ್ನು ವಾಪಸು ಒಯ್ಯುವ ಎರಡು ಅಪಧಮನಿ. ಸುತ್ತಲೂ ಜಿಗುಟಾದ ಲೋಳೆ. ಮಗು ಎಷ್ಟು ಮಗುಚಿದರೂ ಒದ್ದರೂ ನಾಳಗಳು ಹಿಸುಕಿಹೋಗದಂತೆ ಕಾಯುವುದು ಈ ಲೋಳೆ. 1656ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಹೆಸರಿನಲ್ಲೇ ಅದನ್ನು ವಾರ್ಟನ್ಸ್ ಜೆಲ್ಲಿ ಎನ್ನುತ್ತಾರೆ.

ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಮಾಸಿನೊಳಗೆ ಬೆರಳಿನಂಥ ಸಾವಿರಾರು ಸೂಕ್ಷ್ಮ ಚಾಚುಗಳಿವೆ. ಅವುಗಳ ಒಳಗೆ ಮಗುವಿನ ರಕ್ತ, ಹೊರಗೆ ತಾಯಿಯ ರಕ್ತ. ನಡುವಿನ ತೆಳು ಪದರದ ಮೂಲಕ ಆಮ್ಲಜನಕ, ಸಕ್ಕರೆ, ಕಬ್ಬಿಣ, ರೋಗ ತಡೆಯುವ ಪ್ರತಿಕಾಯಗಳು ದಾಟುತ್ತವೆ, ಕಲ್ಮಶ ಹಿಂದಕ್ಕೆ ಹೋಗುತ್ತದೆ. ಆ ಚಾಚುಗಳನ್ನೆಲ್ಲ ಬಿಚ್ಚಿ ಹಾಸಿದರೆ ಹತ್ತು ಚದರ ಮೀಟರಿಗೂ ಮಿಕ್ಕಿದ ಜಾಗ ಬೇಕು. ಹುಟ್ಟುವ ಮುನ್ನ ಮಗುವಿಗೆ ಶ್ವಾಸಕೋಶ, ಜೀರ್ಣಾಂಗ, ಮೂತ್ರಪಿಂಡ ಎಲ್ಲವೂ ಇದೇ.

ಇನ್ನೊಂದು ಸಂಗತಿ ನನ್ನನ್ನು ಮೊದಲಿನಿಂದಲೂ ಹಿಡಿದು ನಿಲ್ಲಿಸಿದ್ದು. ಮಾಸು ಹುಟ್ಟುವುದು ಬಹುಪಾಲು ಮಗುವಾಗುವ ಭ್ರೂಣದಿಂದಲೇ. ಅಂದರೆ ಅದರ ಅರ್ಧ ವಂಶವಾಹಿ ಅಪ್ಪನದು. ತಾಯಿಯ ದೇಹಕ್ಕೆ ಅದು ಅರ್ಧ ಪರಕೀಯ. ಆದರೂ ಆಕೆಯ ಮೈ ಅದನ್ನು ಹೊರದೂಡದೆ ಒಂಬತ್ತು ತಿಂಗಳು ಪೊರೆಯುತ್ತದೆ. ಎರಡು ರಕ್ತಗಳ ನಡುವಿನ ಆ ಪದರ ಕಟ್ಟಲು ಬೇಕಾದ ಸಿನ್ಸಿಟಿನ್ ಎಂಬ ಪ್ರೋಟೀನಿನ ವಂಶವಾಹಿಯಂತೂ ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳ ಮೈ ಹೊಕ್ಕ ವೈರಸ್ಸಿನಿಂದ ಬಂದದ್ದು ಎಂದು 2000ದಲ್ಲಿ ವಿಜ್ಞಾನಿಗಳು ಕಂಡುಕೊಂಡರು. ರೋಗ ತರಲು ಬಂದದ್ದು ಬಸಿರು ನಿಲ್ಲಿಸುವ ಕೆಲಸಕ್ಕೆ ಒದಗಿತು.

ಆ ಮೂರು ನಿಮಿಷ

ಮಗು ಹೊರಬಂದರೂ ಹೊಕ್ಕುಳಬಳ್ಳಿ ತಕ್ಷಣ ಕೆಲಸ ನಿಲ್ಲಿಸುವುದಿಲ್ಲ. ಎರಡು ಬೆರಳಲ್ಲಿ ಹಿಡಿದರೆ ಅದರ ಮಿಡಿತ ಕೈಗೆ ಸಿಗುತ್ತದೆ. ಮಾಸಿನಲ್ಲಿ ಉಳಿದಿರುವ ಮಗುವಿನ ಪಾಲಿನ ರಕ್ತ ನಿಧಾನವಾಗಿ ಮಗುವಿಗೆ ಬಂದು ಸೇರುತ್ತಿರುತ್ತದೆ. ಮೂರು ನಿಮಿಷ ಬಿಟ್ಟರೆ 80ರಿಂದ 100 ಮಿಲಿಲೀಟರ್. ಮೂರು ಕಿಲೋ ತೂಕದ ಕೂಸಿಗೆ ಇದು ಸಣ್ಣ ಲೆಕ್ಕವಲ್ಲ. ಅದರ ಮೈಯಲ್ಲಿರುವ ಒಟ್ಟು ರಕ್ತವೇ ಮುನ್ನೂರು ಮಿಲಿಲೀಟರಿನ ಆಸುಪಾಸು. ಆ ರಕ್ತದೊಂದಿಗೆ ಬರುವ ಕಬ್ಬಿಣ ಮುಂದಿನ ಆರು ತಿಂಗಳ ಆಸ್ತಿ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ ಇರುವುದರಿಂದ ಮಗು ಹುಟ್ಟುವಾಗ ತಂದುಕೊಂಡ ಉಳಿತಾಯದ ಮೇಲೆಯೇ ಅಷ್ಟು ದಿನ ಬದುಕಬೇಕು.

ಇದನ್ನು ಗಮನಿಸಿದವರು ಹಿಂದೆಯೂ ಇದ್ದರು. ಚಾರ್ಲ್ಸ್ ಡಾರ್ವಿನ್ನರ ತಾತ, ವೈದ್ಯ ಎರಾಸ್ಮಸ್ ಡಾರ್ವಿನ್ 1801ರಲ್ಲೇ ಬಳ್ಳಿಯನ್ನು ಬೇಗ ಕಟ್ಟಿ ಕತ್ತರಿಸುವುದು ಮಗುವಿಗೆ ಕೆಟ್ಟದ್ದು, ಮಿಡಿತ ನಿಲ್ಲುವವರೆಗೆ ಕಾಯಬೇಕು ಎಂದು ಬರೆದಿದ್ದರು. ನಮ್ಮ ದೇಶದ ಅನೇಕ ಕಡೆ ದಾಯಿಯರು ಮಾಸು ಬೀಳುವ ತನಕ ಬಳ್ಳಿ ಕತ್ತರಿಸುತ್ತಲೇ ಇರಲಿಲ್ಲ. ಮಗು ಅಳದಿದ್ದರೆ ಬಳ್ಳಿಗೆ, ಮಾಸಿಗೆ ಶಾಖ ಕೊಟ್ಟು ಜೀವ ಬರಿಸಲು ನೋಡುತ್ತಿದ್ದರು. ಶಾಖದ ಮಾತಿಗೆ ಆಧಾರ ಸಿಕ್ಕಿಲ್ಲ, ಆದರೆ ಬಳ್ಳಿಯನ್ನು ಅವಸರದಲ್ಲಿ ಕತ್ತರಿಸದೆ ಇದ್ದದ್ದು ಸರಿಯಾಗಿಯೇ ಇತ್ತು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಆಸ್ಪತ್ರೆಗಳು ಮಗು ಬಂದ ಕೆಲವೇ ಸೆಕೆಂಡುಗಳಲ್ಲಿ ಕ್ಲಾಂಪ್ ಹಾಕಿ ಕತ್ತರಿಸತೊಡಗಿದವು. ತಾಯಿಯ ರಕ್ತಸ್ರಾವ ತಡೆಯುವ ವಿಧಾನದ ಒಂದು ಭಾಗ ಎಂದು ಅದನ್ನು ಸೇರಿಸಿಕೊಂಡಿದ್ದರು. ಆಮೇಲೆ ಒಂದೊಂದನ್ನೇ ಬಿಡಿಸಿ ನೋಡಿದಾಗ ತಾಯಿಯನ್ನು ಕಾಪಾಡುತ್ತಿದ್ದದ್ದು ಗರ್ಭಕೋಶವನ್ನು ಬಿಗಿಯಿಸುವ ಆಕ್ಸಿಟೋಸಿನ್ ಚುಚ್ಚುಮದ್ದು, ಬಳ್ಳಿ ಬೇಗ ಕತ್ತರಿಸಿದ್ದರಿಂದ ಆಕೆಗೆ ಲಾಭವೇನೂ ಇರಲಿಲ್ಲ ಎಂದು ತಿಳಿಯಿತು.

2011ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು 400 ಮಕ್ಕಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಹತ್ತು ಸೆಕೆಂಡಿನೊಳಗೆ ಕ್ಲಾಂಪ್, ಇನ್ನೊಂದಕ್ಕೆ ಮೂರು ನಿಮಿಷದ ನಂತರ. ನಾಲ್ಕು ತಿಂಗಳಾದಾಗ ಬೇಗ ಕತ್ತರಿಸಿದ ಮಕ್ಕಳಲ್ಲಿ ಶೇ 5.7ರಷ್ಟು ಮಂದಿಗೆ ಕಬ್ಬಿಣದ ಕೊರತೆ. ಕಾದವರಲ್ಲಿ ಶೇ 0.6. ಹೊಟ್ಟೆ ತುಂಬಿದ ದೇಶದ ಮಾತು ಇದು. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಒಂದೆರಡು ನಿಮಿಷ ಇಲ್ಲಿ ಎಷ್ಟು ಬೆಲೆಯದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಕನಿಷ್ಠ ಒಂದು ನಿಮಿಷ, ಒಂದರಿಂದ ಮೂರು ನಿಮಿಷ. ನಮ್ಮದೇ ಸರ್ಕಾರದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮವೂ ತಡೆದು ಕತ್ತರಿಸಿ ಎನ್ನುತ್ತದೆ. ಹೀಗೆ ಕಾದಾಗ ಕೆಲವು ಮಕ್ಕಳಿಗೆ ಕಾಮಾಲೆ ತುಸು ಹೆಚ್ಚಾಗಿ ಬೆಳಕಿನ ಚಿಕಿತ್ಸೆ ಬೇಕಾಗಬಹುದು. ಉಸಿರಾಡದ ಕೂಸಿಗೆ ತಕ್ಷಣ ನೆರವು ಬೇಕಾದಾಗ ವೈದ್ಯರು ಬೇರೆ ತೀರ್ಮಾನಕ್ಕೆ ಬರಬಹುದು. ಉಳಿದಂತೆ ಕಾಯಲು ಖರ್ಚಿಲ್ಲ, ಉಪಕರಣ ಬೇಕಿಲ್ಲ. ಹೆರಿಗೆಗೆ ಮುಂಚೆಯೇ ವೈದ್ಯರನ್ನು ‘ನಮ್ಮ ಮಗುವಿನ ಬಳ್ಳಿಯನ್ನು ಸ್ವಲ್ಪ ತಡೆದು ಕತ್ತರಿಸುತ್ತೀರಾ?’ ಎಂದು ಕೇಳುವ ಹಕ್ಕು ಪ್ರತಿ ಬಸುರಿಗೂ ಇದೆ.

ಈ ರಕ್ತಕ್ಕೆ ಈಗ ಇನ್ನೊಬ್ಬ ಹಕ್ಕುದಾರ ಹುಟ್ಟಿಕೊಂಡಿದ್ದಾನೆ. 1988ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ವೈದ್ಯೆ ಎಲಿಯಾನ್ ಗ್ಲುಕ್ಮನ್ ಅವರ ತಂಡ ಫ್ಯಾಂಕೋನಿ ಅನೀಮಿಯಾ ಎಂಬ ಕಾಯಿಲೆಯ ಬಾಲಕನಿಗೆ ಅವನ ನವಜಾತ ತಂಗಿಯ ಹೊಕ್ಕುಳಬಳ್ಳಿ ರಕ್ತ ಕೊಟ್ಟು ಗುಣಪಡಿಸಿತು. ಅದರಲ್ಲಿರುವ ಆಕರಕೋಶಗಳು ಅಸ್ಥಿಮಜ್ಜೆಯ ಜಾಗದಲ್ಲಿ ಹೊಸ ರಕ್ತ ಹುಟ್ಟಿಸಬಲ್ಲವು. ದೊಡ್ಡ ಸಾಧನೆ. ಅದರ ಬೆನ್ನಲ್ಲೇ ‘ನಿಮ್ಮ ಮಗುವಿನ ಬಳ್ಳಿ ರಕ್ತ ಕೂಡಿಡಿ, ಮುಂದೆ ಅದಕ್ಕೇ ಬೇಕಾಗುತ್ತದೆ’ ಎನ್ನುವ ಖಾಸಗಿ ಬ್ಯಾಂಕುಗಳು ಬಂದವು. ಬಸುರಿಯರ ತಪಾಸಣೆಯ ಕೋಣೆಯ ಹೊರಗೇ ಅವುಗಳ ಕರಪತ್ರಗಳಿರುತ್ತವೆ. ಒಂದು ಮಗು ತನ್ನದೇ ಬಳ್ಳಿ ರಕ್ತವನ್ನು ಮುಂದೆ ಬಳಸುವ ಸಾಧ್ಯತೆ ಶೇ 0.04ರಿಂದ ಶೇ 0.0005 ಎಂದು ಭಾರತೀಯ ಮಕ್ಕಳ ತಜ್ಞರ ಸಂಘ 2018ರಲ್ಲಿ ಹೇಳಿತು. ಕಾರಣ ಸರಳ: ವಂಶವಾಹಿಯಿಂದ ಬಂದ ರಕ್ತರೋಗವಾದರೆ ಆ ದೋಷ ಕೂಡಿಟ್ಟ ರಕ್ತದಲ್ಲೂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಖಾಸಗಿ ಕೂಡಿಡುವಿಕೆಯನ್ನು ಸಲಹೆ ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಥಲಸ್ಸೀಮಿಯಾದಂಥ ಕಾಯಿಲೆಯ ಮಗುವಿದ್ದು, ತಮ್ಮನೋ ತಂಗಿಯೋ ಹುಟ್ಟುತ್ತಿದ್ದರೆ ಮಾತು ಬೇರೆ. ಚೀಲ ತುಂಬಿಸಲು ಬಳ್ಳಿಯನ್ನು ಬೇಗ ಕತ್ತರಿಸಿದರೆ ಮಗು ಇವತ್ತೇ ಕಳೆದುಕೊಳ್ಳುವ ರಕ್ತದ ವಿಷಯ ಕರಪತ್ರದಲ್ಲಿ ಇರುವುದಿಲ್ಲ. ಅದು ಕೂಸಿನದೇ ರಕ್ತ. ಮೊದಲ ಹಕ್ಕು ಕೂಸಿನದು.

ಕೂದಲು, ಮಾತ್ರೆ, ಬೆಳಗಾವಿ

ಮಾಸು ಬೀಳದಿದ್ದಾಗ ಹಳಬರು ಮಾಡುತ್ತಿದ್ದ ಉಪಾಯವೊಂದಿದೆ: ಬಾಣಂತಿಯ ಜಡೆಯ ತುದಿಯನ್ನೇ ಅವಳ ಬಾಯಿಗೆ ತುರುಕುವುದು. ಓಕರಿಕೆ ಬಂದು ಹೊಟ್ಟೆ ಹಿಂಡುತ್ತದೆ, ಕಳಚಿದ ಮಾಸು ಜಾರಿ ಬೀಳುತ್ತದೆ. ಚರಕಸಂಹಿತೆಯಲ್ಲಿ ಇದೇ ಮಾತು ಇದೆ. ಹೆಣ್ಣಿನ ಕೂದಲಿನಿಂದ ಗಂಟಲು, ಅಂಗುಳ ಮುಟ್ಟಿಸಬೇಕು ಎನ್ನುತ್ತದೆ ಅದು. ಹೊಕ್ಕುಳಿನಿಂದ ಎಂಟು ಅಂಗುಲ ಬಿಟ್ಟು, ಚಿನ್ನ, ಬೆಳ್ಳಿ ಅಥವಾ ಕಬ್ಬಿಣದ ಹರಿತ ಶಸ್ತ್ರದಿಂದ ಬಳ್ಳಿ ಕತ್ತರಿಸಬೇಕು ಎಂಬ ವಿವರವೂ ಅಲ್ಲೇ ಸಿಗುತ್ತದೆ. ಮಗುವಿಗೆ ತಕ್ಷಣ ಮೊಲೆಯೂಡಿಸುವುದು ಇನ್ನೊಂದು ದಾರಿ, ಅದು ಇಂದಿಗೂ ಸರಿಯಾದದ್ದು: ಮಗು ಚೀಪಿದಾಗ ತಾಯಿಯ ಮೈಯಲ್ಲೇ ಆಕ್ಸಿಟೋಸಿನ್ ಹುಟ್ಟಿ ಗರ್ಭಕೋಶ ಬಿಗಿಯುತ್ತದೆ. ಅಪಾಯ ಇದ್ದದ್ದು ಬಳ್ಳಿ ಹಿಡಿದು ಎಳೆಯುವುದರಲ್ಲಿ. ಕಳಚದ ಮಾಸನ್ನು ಎಳೆದರೆ ಬಳ್ಳಿ ಕಿತ್ತು ಬರಬಹುದು, ಗರ್ಭಕೋಶವೇ ಮಗುಚಿ ಹೊರಬರಬಹುದು. ಒಳ್ಳೆಯ ಸೂಲಗಿತ್ತಿ ಎಳೆಯುತ್ತಿರಲಿಲ್ಲ.

ಅಂಥ ಸೂಲಗಿತ್ತಿಯರ ಹೆಸರು ಎತ್ತಿದರೆ ನಮಗೆ ಮೊದಲು ನೆನಪಾಗುವುದು ಪಾವಗಡ ತಾಲ್ಲೂಕು ಕೃಷ್ಣಾಪುರದ ನರಸಮ್ಮ. ಅಜ್ಜಿಯಿಂದ ಕಲಿತ ವಿದ್ಯೆ. ಕೈಯಲ್ಲಿ ಕಾಸು ಹಿಡಿಯದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅವರಂಥವರ ಕೈಯಲ್ಲಿ ಇದ್ದ ತಾಳ್ಮೆಗೆ ರಕ್ತ ನಿಲ್ಲಿಸುವ ಒಂದು ಔಷಧದ ಬಲವೂ ಸೇರಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಕೆಲಸವೊಂದು ನಮ್ಮ ರಾಜ್ಯದಲ್ಲೇ ನಡೆದಿದೆ, ಅದು ಸಾಕಷ್ಟು ಜನರಿಗೆ ಗೊತ್ತಿಲ್ಲ.

ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ, 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಚುಚ್ಚಲು ತರಬೇತಾದವರು ಬೇಕು. ಕರೆಂಟಿಲ್ಲದ ಉಪಕೇಂದ್ರಗಳಲ್ಲಿ ಅದಾಗದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಪರೀಕ್ಷೆಗೆ ತೆಗೆದುಕೊಂಡರು. ಫ್ರಿಜ್ ಬೇಡ, ಸೂಜಿ ಬೇಡ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಗಳಲ್ಲೂ ಉಪಕೇಂದ್ರಗಳಲ್ಲೂ ಸಹಾಯಕ ದಾದಿಯರಾದ ಎಎನ್‌ಎಂ ಅಕ್ಕಂದಿರು ಹೆರಿಗೆ ಮಾಡಿಸಿದ 1,620 ತಾಯಂದಿರಲ್ಲಿ ಅರ್ಧದಷ್ಟು ಜನಕ್ಕೆ ಮಗು ಹುಟ್ಟಿದ ಕೂಡಲೇ ಮಾತ್ರೆ ನುಂಗಿಸಿದರು, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ. ರಕ್ತ ಎಷ್ಟು ಹೋಯಿತೆಂದು ಕಣ್ಣಳತೆಯಲ್ಲಿ ಹೇಳುವ ಬದಲು, ಬಾಣಂತಿಯ ಕೆಳಗೆ ಹಾಸುವ ಅಳತೆ ಗೆರೆಗಳ ಪ್ಲಾಸ್ಟಿಕ್ ಚೀಲವೊಂದನ್ನೂ ಇದಕ್ಕಾಗಿಯೇ ರೂಪಿಸಿದರು. ಅರ್ಧ ಲೀಟರಿಗೂ ಮೀರಿದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕೆ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ಹಳ್ಳಿಗಳ ಎಎನ್‌ಎಂಗಳ ಕೈಗುಣ ಇವತ್ತು ಜಗತ್ತಿನ ಎಲ್ಲೆಲ್ಲೋ ಇರುವ ಬಾಣಂತಿಯರನ್ನು ಕಾಯುತ್ತಿದೆ.

ಬಿದ್ದ ಮಾಸನ್ನು ಹಾಗೇ ಬಿಡುವಂತಿಲ್ಲ. ದಾದಿ ಅದನ್ನು ಅಂಗೈ ಮೇಲೆ ಹರಡಿ, ದಿಣ್ಣೆಗಳೆಲ್ಲ ಇವೆಯೇ, ಒಂದಾದರೂ ಹರಿದು ಒಳಗುಳಿದಿದೆಯೇ, ಪೊರೆ ಪೂರ್ತಿ ಬಂದಿದೆಯೇ ಎಂದು ನೋಡಬೇಕು. ಬಳ್ಳಿಯ ಕತ್ತರಿಸಿದ ತುದಿಯಲ್ಲಿ ಮೂರು ನಾಳ ಎಣಿಸಬೇಕು. ನೂರರಲ್ಲಿ ಒಂದು ಮಗುವಿಗೆ ಎರಡೇ ಇರುತ್ತವೆ, ಅಂಥ ಕೆಲವು ಮಕ್ಕಳಿಗೆ ಮೂತ್ರಪಿಂಡದ ತೊಂದರೆ ಇರಬಹುದು. ತೂಕವನ್ನೂ ನೋಡಬೇಕು. ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ 1990ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪ್ರೆಸ್ಟನ್ ಊರಿನ ಹಳೆಯ ಹೆರಿಗೆ ದಾಖಲೆಗಳನ್ನು ತೆಗೆದು, ಆ ಮಕ್ಕಳು ಐವತ್ತರ ಆಸುಪಾಸಿಗೆ ಬಂದಾಗ ರಕ್ತದೊತ್ತಡ ಅಳೆದರು. ಮಗು ಸಣ್ಣದಾಗಿ ಮಾಸು ದೊಡ್ಡದಾಗಿದ್ದವರಲ್ಲಿ ಒತ್ತಡ ಹೆಚ್ಚಿತ್ತು. ಅದೇ ಜಾಡಿನಲ್ಲಿ ಅವರ ಸಂಗಡಿಗರು ಮೈಸೂರಿಗೆ ಬಂದರು. ಇಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ತಪಾಸಣೆ ಮಾಡಿದಾಗ, ಎರಡೂವರೆ ಕಿಲೋಗಿಂತ ಹೆಚ್ಚಿರದೆ ಹುಟ್ಟಿ 45 ದಾಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗ, 3.1 ಕಿಲೋ ಮೀರಿ ಹುಟ್ಟಿದವರಲ್ಲಿ ಶೇ 3 ಎಂದು 1996ರಲ್ಲಿ ಪ್ರಕಟವಾಯಿತು. ಹೆರಿಗೆ ಕೋಣೆಯಲ್ಲಿ ದಾದಿಯರು ಪ್ರತಿದಿನ ತಪ್ಪದೆ ಬರೆದಿಟ್ಟ ಅಂಕಿಗಳು ಅರ್ಧ ಶತಮಾನದ ಮೇಲೆ ಮಾತಾಡಿದವು.

ಹಿತ್ತಲಿನಿಂದ ಹಳದಿ ಚೀಲಕ್ಕೆ

ನಮ್ಮ ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ತೆಂಗಿನ ಮರವಿತ್ತು. ಅದರ ಬುಡದಲ್ಲಿ ಮನೆಯ ಎಷ್ಟೋ ಕೂಸುಗಳ ಮಾಸು ಇದೆ ಎಂದು ಅಜ್ಜಿ ಹೇಳುತ್ತಿದ್ದರು. ಮಡಕೆಯಲ್ಲಿಟ್ಟು, ಉಪ್ಪು, ಅರಿಸಿನ, ಬೇವಿನ ಸೊಪ್ಪು ಹಾಕಿ, ಆಳಕ್ಕೆ ಹೂತು, ನಾಯಿ ಕೆದಕದಂತೆ ಮೇಲೆ ಮುಳ್ಳು, ಕಲ್ಲು ಹೇರುವುದು ಅನೇಕ ಕಡೆಯ ವಾಡಿಕೆ. ನಾಯಿಯೋ ನರಿಯೋ ಎಳೆದರೆ ಮಗುವಿಗೆ ಕೇಡು ಎಂಬ ಭಯವಿತ್ತು. ಆ ಭಯದಿಂದಾಗಿ ರಕ್ತಸಿಕ್ತ ವಸ್ತುವೊಂದು ಊರ ನಡುವೆ ಬಯಲಿಗೆ ಬೀಳದೆ ಮಣ್ಣು ಸೇರುತ್ತಿತ್ತು. ಹಸು ಈದಾಗಿನ ಕಸಕ್ಕೆ ಬೇರೆಯೇ ಗೌರವ. ಅದನ್ನು ಹುಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಆಲದ ಮರಕ್ಕೆ ಕಟ್ಟುತ್ತಾರೆ. ಹಾಲು ಒಸರುವ ಮರಕ್ಕೆ ಕಟ್ಟಿದರೆ ಹಸುವಿನ ಕೆಚ್ಚಲು ತುಂಬುತ್ತದೆ ಎಂಬ ನಂಬಿಕೆ. ಹಳೇ ಮೈಸೂರಿನ ಕಡೆ ರಸ್ತೆ ಬದಿಯ ಆಲದ ಕೊಂಬೆಗಳಲ್ಲಿ ತೂಗುವ ಮಾಸಲು ಗಂಟುಗಳು ಇವೇ.

ಕೊರಿಯಾದ ಅರಸರು ಮಕ್ಕಳ ಮಾಸನ್ನು ತೊಳೆದು ಜಾಡಿಯಲ್ಲಿಟ್ಟು ಒಳ್ಳೆಯ ಗುಡ್ಡ ಹುಡುಕಿ ಕಲ್ಲಿನ ಗೋರಿ ಕಟ್ಟುತ್ತಿದ್ದರು. ಸೆಜೊಂಗ್ ದೊರೆಯ ಮಕ್ಕಳದೂ ಒಬ್ಬ ಮೊಮ್ಮಗನದೂ ಸೇರಿ 19 ಗೋರಿಗಳು ಸಿಯೊಂಗ್ಜು ಎಂಬಲ್ಲಿ ಹದಿನೈದನೆಯ ಶತಮಾನದಿಂದ ಇವೆ. ಜಪಾನಿನ ತಾಯಂದಿರು ಒಣಗಿದ ಬಳ್ಳಿಯ ತುಂಡನ್ನು ಮರದ ಪುಟ್ಟ ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಾರೆ.

ಈ ಎಲ್ಲ ಗೌರವದ ಕೆಳಗೆ ಒಂದು ಅನ್ಯಾಯ ಹೂತುಹೋಗಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಗುಂಡಿ ತೋಡಿದವರು ಯಾರು? ಉತ್ತರ ಪ್ರದೇಶದ ಬಿಜ್ನೋರ್ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಅಧ್ಯಯನ ಮಾಡಿದ ಪೆಟ್ರೀಷಿಯಾ ಜೆಫ್ರಿ, ರೋಜರ್ ಜೆಫ್ರಿ ಮತ್ತು ಆಂಡ್ರ್ಯೂ ಲಯನ್, ಬಳ್ಳಿ ಕತ್ತರಿಸುವುದನ್ನೇ ಎಲ್ಲಕ್ಕಿಂತ ಮೈಲಿಗೆಯ ಕೆಲಸವೆಂದು ಮನೆಯವರು ಮುಟ್ಟದೆ ಬಡ ದಾಯಿಗೆ ಬಿಡುತ್ತಿದ್ದುದನ್ನು ದಾಖಲಿಸಿದ್ದಾರೆ. ನಮ್ಮಲ್ಲೂ ಮಾಸು ಹೂಳುವುದು, ರಕ್ತದ ಬಟ್ಟೆ ಒಗೆಯುವುದು ದಲಿತ, ಮಡಿವಾಳ, ಹಡಪದ ಕೇರಿಯ ಹೆಂಗಸರ ಪಾಲಿಗೇ ಬಂದ ಊರುಗಳಿದ್ದವು. ಜೀವ ಉಳಿಸಿದ ಕೈಗೆ ಒಂದು ಮೊರ ಅಕ್ಕಿ, ಹಳೆ ಸೀರೆ ಕೊಟ್ಟು ಹೊಸಿಲಾಚೆ ನಿಲ್ಲಿಸಿದ್ದು ಸಣ್ಣ ತಪ್ಪಲ್ಲ. ಇಂದು ಆಸ್ಪತ್ರೆಯಲ್ಲಿ ಮಾಸಿನ ಚೀಲ ಹೊರುವವರು ಯಾರು, ಅವರ ಕೈಗೆ ಗವುಸು ಇದೆಯೇ ಎಂದು ಕೇಳಿದರೆ ಆ ಹಳೆಯ ಪಟ್ಟಿ ಪೂರ್ತಿ ಬದಲಾಗಿಲ್ಲ ಎಂಬುದು ಕಾಣುತ್ತದೆ.

2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು ಶೇ 65ರಷ್ಟು. ಈಗ ಶೇ 97. ಹಿತ್ತಲಿನ ಗುಂಡಿಯ ಜಾಗವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹಿಡಿದಿವೆ. ಅವುಗಳ ಪ್ರಕಾರ ಮಾಸು ಮಾನವ ಅಂಗಾಂಶ. ಹಳದಿ ಚೀಲಕ್ಕೆ ಹೋಗಬೇಕು, ಚೀಲಕ್ಕೆ ಬಾರ್‌ಕೋಡ್ ಇರಬೇಕು, 48 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬಾರದು. ಅಲ್ಲಿಂದ ಹಲವು ಆಸ್ಪತ್ರೆಗಳಿಗೆ ಸೇರಿ ಇರುವ ಸಂಸ್ಕರಣಾ ಘಟಕದ ಕುಲುಮೆಗೆ. ಮೊದಲ ಕೋಣೆಯಲ್ಲಿ ಸುಮಾರು 800 ಡಿಗ್ರಿ, ಹೊಗೆಯನ್ನು ಮತ್ತೆ ಸುಡುವ ಎರಡನೆಯದರಲ್ಲಿ 1,050 ಡಿಗ್ರಿ ಸೆಲ್ಸಿಯಸ್. ಘಟಕ ಕೈಗೆಟುಕದ ದೂರದ ಊರುಗಳಲ್ಲಿ ಮಾತ್ರ ಎರಡು ಮೀಟರ್ ಆಳದ ಗುಂಡಿ ತೋಡಿ, ಪ್ರತಿ ಸಲ ಮಣ್ಣು ಮುಚ್ಚಿ, ಕೊನೆಗೆ ಸುಣ್ಣ ಹಾಕಿ ಹೂಳಬಹುದು. ಈ ಕೆಲಸ ಮಾಡುವವರಿಗೆಲ್ಲ ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಎಂದೂ ಅದೇ ನಿಯಮಗಳು ಹೇಳುತ್ತವೆ. ನಿಯಮದ ಈ ಸಾಲು ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಎಲ್ಲ ಮಾಸೂ ಕುಲುಮೆಗೆ ಹೋಗುವುದಿಲ್ಲ. ತಾಯಿಯ ಒಪ್ಪಿಗೆ ಪಡೆದು, ಸೋಂಕಿಲ್ಲವೆಂದು ಪರೀಕ್ಷಿಸಿ ತೆಗೆದ ಒಳಪೊರೆಯನ್ನು ಸುಟ್ಟಗಾಯಕ್ಕೆ ಹೊದಿಸುತ್ತಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಅದನ್ನು ಒಣಗಿಸಿ, ವಿಕಿರಣದಿಂದ ಶುದ್ಧಗೊಳಿಸಿ ಕಳಿಸುತ್ತಿದೆ. ಸುಣ್ಣವೋ ಆಸಿಡ್ಡೋ ಬಿದ್ದು ಹಾಳಾದ ಕಣ್ಣಿಗೂ ಆ ಪೊರೆ ಒದಗುತ್ತದೆ. ಗೋಷೇ ಎಂಬ ಅಪರೂಪದ ಕಾಯಿಲೆಗೆ 1991ರಲ್ಲಿ ಬಂದ ಮೊದಲ ಔಷಧವನ್ನು ಮಾಸಿನಿಂದಲೇ ತೆಗೆಯುತ್ತಿದ್ದರು, ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಸುಮಾರು 20 ಸಾವಿರ ಮಾಸು ಬೇಕಾಗುತ್ತಿತ್ತು. ಮಾಸನ್ನು ಒಣಗಿಸಿ ಗುಳಿಗೆ ಮಾಡಿ ತಿನ್ನುವ ಹೊಸ ಗೀಳು ಮಾತ್ರ ಬೇಡ. ಹಾಗೆ ತಿಂದ ಅಮೆರಿಕದ ತಾಯಿಯೊಬ್ಬರ ಹಸುಗೂಸಿಗೆ ಮತ್ತೆ ಸೋಂಕು ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ವರದಿ ಮಾಡಿದೆ.

ಮನೆಗೆ ಬಂದ ತುಂಡು

ಆಸ್ಪತ್ರೆಯಿಂದ ಮಗುವಿನ ಜೊತೆ ಮನೆಗೆ ಬರುವುದು ಕ್ಲಾಂಪ್ ಸಿಕ್ಕಿಸಿದ ಎರಡು ಮೂರು ಸೆಂಟಿಮೀಟರ್ ತುಂಡು. ನಮ್ಮ ನೆಲದ ಅತಿ ದೊಡ್ಡ ಶಿಶುಹತ್ಯೆಗಳಲ್ಲೊಂದು ಈ ತುಂಡಿನ ಮೂಲಕ ನಡೆದಿದೆ. ಕುಡುಗೋಲು, ಬಿದಿರಿನ ಸೀಳು, ತುಕ್ಕು ಹಿಡಿದ ಬ್ಲೇಡಿನಿಂದ ಕತ್ತರಿಸಿ, ಮೇಲೆ ಸಗಣಿಯನ್ನೋ ಬೂದಿಯನ್ನೋ ಮೆತ್ತಿದಾಗ ಮಣ್ಣು, ಸಗಣಿಯಲ್ಲಿರುವ ಧನುರ್ವಾಯುವಿನ ಬೀಜಕಣ ಹಸಿ ಗಾಯಕ್ಕೆ ಇಳಿಯುತ್ತಿತ್ತು. ಹುಟ್ಟಿದ ಎರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ದವಡೆ ಬಿಗಿದು ಮೊಲೆ ಹಿಡಿಯಲಾರದಾಗುತ್ತಿತ್ತು. ಆಮೇಲೆ ಮೈ ಬಿಲ್ಲಿನಂತೆ ಸೆಟೆದು ಕಣ್ಮುಚ್ಚುತ್ತಿತ್ತು. ಕೆಲವು ದಶಕಗಳ ಹಿಂದೆ ಭಾರತದಲ್ಲಿ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ನವಜಾತ ಶಿಶುಗಳಿಗೆ ಈ ರೋಗ ಬರುತ್ತಿತ್ತು. ಬಸುರಿಯರಿಗೆ ಟಿ.ಟಿ. ಚುಚ್ಚುಮದ್ದು; ಶುದ್ಧ ಕೈ, ಶುದ್ಧ ಜಾಗ, ಹೊಸ ಬ್ಲೇಡು, ಶುದ್ಧ ದಾರ, ಏನೂ ಹಚ್ಚದ ಹೊಕ್ಕುಳು ಎಂಬ ಐದು ಶುದ್ಧಿಗಳ ಪಾಠ; ಆಸ್ಪತ್ರೆ ಹೆರಿಗೆ. ಇವುಗಳಿಂದಾಗಿ 2015ರಲ್ಲಿ ಭಾರತದ ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಎಂಬ ಮಟ್ಟಕ್ಕೆ ಅದು ಇಳಿಯಿತು. ಪೋಲಿಯೊ ಗೆದ್ದದ್ದಕ್ಕೆ ನಾವು ಹಿಗ್ಗಿದೆವು, ಈ ಗೆಲುವು ಅಷ್ಟೇ ದೊಡ್ಡದು. ಅದನ್ನು ತಂದುಕೊಟ್ಟದ್ದು ಎಎನ್‌ಎಂಗಳು, ತರಬೇತಿ ಪಡೆದ ದಾಯಿಯರು, ಆಶಾ ಕಾರ್ಯಕರ್ತೆಯರು.

ಈಗ ಮಾಡಬೇಕಾದದ್ದು ಬಲು ಕಡಿಮೆ. ಮುಟ್ಟುವ ಮುಂಚೆ ಕೈ ತೊಳೆಯುವುದು, ತುಂಡನ್ನು ಒಣಗಿಸಿ ಇಡುವುದು, ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಮಡಿಸಿ ಕಟ್ಟುವುದು. ಹರಳೆಣ್ಣೆ, ಅರಿಸಿನ, ಪೌಡರು, ವಿಭೂತಿ ಯಾವುದೂ ಬೇಡ. ಮನೆ ಹೆರಿಗೆ ಹೆಚ್ಚಿದ್ದು, ಹೊಕ್ಕುಳಿಗೆ ಏನಾದರೂ ಹಚ್ಚುವ ವಾಡಿಕೆಯಿರುವ ಕಡೆಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧವಿದೆ; ನೇಪಾಳದ ಸರ್ಲಾಹಿ ಜಿಲ್ಲೆಯ ಅಧ್ಯಯನದಲ್ಲಿ ಅದರಿಂದ ಶಿಶುಮರಣ ಶೇ 24ರಷ್ಟು ಕಡಿಮೆಯಾದದ್ದು 2006ರಲ್ಲಿ ವರದಿಯಾಯಿತು. ಒಂದೆರಡು ವಾರದೊಳಗೆ ತುಂಡು ಕಪ್ಪಾಗಿ ಒಣಗಿ ತಾನಾಗಿ ಬೀಳುತ್ತದೆ. ಬುಡದ ಸುತ್ತ ಚರ್ಮ ಕೆಂಪಾದರೆ, ಕೀವು ಬಂದರೆ, ವಾಸನೆ ಹೊಡೆದರೆ, ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಿದ್ದ ತುಂಡನ್ನು ಬೆಳ್ಳಿ ತಾಯತದಲ್ಲಿ ಹಾಕಿಸಬೇಕೆಂದು ಮನೆಯ ಅಜ್ಜಿ ಕೇಳಿದರೆ ಬೇಡ ಎನ್ನಬೇಡಿ. ಪೂರ್ತಿ ಒಣಗಿದ ಮೇಲೆ ಮಾಡಿಸಲಿ, ಬಾಯಿ ಭದ್ರವಾಗಿ ಬೆಸೆದಿರಲಿ. ಕೊರಳಿಗೆ ಮಾತ್ರ ಕಟ್ಟಬಾರದು, ನಿದ್ದೆಯಲ್ಲಿ ದಾರ ಬಿಗಿದೀತು. ಸೊಂಟದ ಉಡಿದಾರಕ್ಕೆ ಪೋಣಿಸಿದರೂ ಮಗು ಮಲಗುವಾಗ ಬಿಚ್ಚಿಡಿ, ಬೆಳೆದಂತೆ ದಾರ ಸಡಿಲಿಸುತ್ತಾ ಹೋಗಿ.